ಎಣಿಸಿ ಕೊಡುವ ರೊಟ್ಟಿ ಅಂಗಡಿ: ಹಬ್ಬದ ಸಿಹಿ ಕಡಿಮೆ ಮಾಡಬೇಕು ಅನ್ನುವವರಿಗೆ ಕೊಪ್ಪಳದಿಂದ ಒಂದು ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಕಟ್ ಮಾಡಿದ ಆ ಒಂದು ಸ್ಟಾರಿನ ವಿಷಯ ಆಮೇಲೆ ಬರುತ್ತದೆ, ಅದು ರುಚಿಗೆ ಸಂಬಂಧಪಟ್ಟಿದ್ದಲ್ಲ.

ಅಂಗಡಿ ಇರುವುದು ಕೊಪ್ಪಳದಲ್ಲಿ, ಜವಾಹರ ರಸ್ತೆಯಿಂದ ಒಳಗೆ ಹೋಗುವ ಒಂದು ಓಣಿಯಲ್ಲಿ. ಹೆಸರು ಕೇಳಬೇಡಿ, ಅದಕ್ಕೆ ಹೆಸರೇ ಇಲ್ಲ. ತಗಡಿನ ಬೋರ್ಡಿನ ಮೇಲೆ ನೀಲಿ ಬಣ್ಣದಲ್ಲಿ "ಇಲ್ಲಿ ಖಡಕ್ ರೊಟ್ಟಿ, ಹೋಳಿಗೆ, ಹಿಂಡಿ ಸಿಗುತ್ತವೆ" ಅಂತ ಬರೆದಿದ್ದಾರೆ, ಅಷ್ಟೇ (ಹಿಂಡಿ ಅಂದರೆ ನಮ್ಮ ಕಡೆ ಚಟ್ನಿಪುಡಿ). ಮನೆಯ ಪಡಸಾಲೆಯೇ ಅಂಗಡಿ. ಒಳಗೆ ನಾಲ್ಕೈದು ಹೆಣ್ಣುಮಕ್ಕಳು ಸಾಲಾಗಿ ಕೂತು ರೊಟ್ಟಿ ಬಡಿಯುತ್ತಿರುತ್ತಾರೆ, ಬಾಗಿಲ ಹತ್ತಿರ ಗಲ್ಲೆ ಇಟ್ಟುಕೊಂಡು ಒಬ್ಬರು ಅಕ್ಕಾರು ಕೂತಿರುತ್ತಾರೆ. ಬೆಳಿಗ್ಗೆ ಹೋದರೆ ವಿಳಾಸ ಕೇಳುವ ಕೆಲಸವಿಲ್ಲ, ಬಡಿಯುವ ಸಪ್ಪಳ ಹಿಡಿದು ಹೋದರೆ ಸಾಕು.

ನಮ್ಮ ಕಡೆ ಹಬ್ಬದ ಸೀಸನ್ ಅಂದರೆ ಒಂದು ವಾರದ ಮಾತಲ್ಲ. ಪಂಚಮಿಗೆ ಉಂಡಿ ಕಟ್ಟುವುದರಿಂದ ಶುರುವಾಗಿ ಗಣೇಶ ಚೌತಿಗೆ ಕಡಬು, ಮಹಾನವಮಿಗೆ ಹೋಳಿಗೆ, ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ (ಬೆಳೆಗೆ ಎಡೆ ಚೆಲ್ಲಿ ಅಲ್ಲೇ ಕೂತು ಉಣ್ಣುವುದು), ದೀಪಾವಳಿಗೆ ಕರ್ಚಿಕಾಯಿ, ಎಳ್ಳ ಅಮಾವಾಸ್ಯೆಗೆ ಮತ್ತೆ ಹೋಳಿಗೆ, ಸಂಕ್ರಾಂತಿಗೆ ಎಳ್ಳು ಬೆಲ್ಲ, ಅದು ಮುಗಿಯಿತು ಅನ್ನುವಷ್ಟರಲ್ಲಿ ನಮ್ಮೂರಿನ ಗವಿಮಠದ ಜಾತ್ರೆ. ಹೆಚ್ಚೂ ಕಡಿಮೆ ಅರ್ಧ ವರ್ಷ ಹಬ್ಬವೇ. ಅಜ್ಜಿ ಕಾಲದಲ್ಲೂ ಇಷ್ಟೇ ಹಬ್ಬಗಳಿದ್ದವು, ಆದರೆ ಆಗ ಸಿಹಿ ಅಂದರೆ ಮನೆಯಲ್ಲಿ ಮಾಡಿದ್ದು, ಆ ದಿನ ತಿಂದು ಮುಗಿಸಿದ್ದು, ಉಳಿದರೆ ಮರುದಿನ ಓಣಿಗೆಲ್ಲ ಹಂಚಿದ್ದು. ಈಗ ಸಿಹಿ ಮನೆಗೆ ಬರುವುದೇ ಡಬ್ಬಿಯಲ್ಲಿ. ಆಫೀಸಿನಿಂದ ಒಂದು ಡಬ್ಬಿ, ಎದುರು ಮನೆಯಿಂದ ಒಂದು, ಬಟ್ಟೆ ಅಂಗಡಿಯವರು ಬಿಲ್ಲಿನ ಜೊತೆ ಕೊಟ್ಟಿದ್ದು ಇನ್ನೊಂದು. ಮೇಲೆ "ಒಂದು ಕೊಂಡರೆ ಒಂದು ಉಚಿತ" ಅಂತ ತಂದ ಚಿಪ್ಸ್, ಕ್ರೀಮ್ ಬಿಸ್ಕತ್ತು, ಎರಡು ಲೀಟರಿನ ಕೋಲಾ. ದೀಪಾವಳಿಯ ಡಬ್ಬಿ ತುಳಸಿ ಲಗ್ನದವರೆಗೂ ಫ್ರಿಜ್ಜಿನ ಮೇಲೆ ಇರುತ್ತದೆ, ಅಡುಗೆಮನೆಗೆ ಹೋಗುವಾಗ ಒಂದು, ಬರುವಾಗ ಒಂದು. ತಟ್ಟೆಯಲ್ಲಿ ಬಡಿಸಿಕೊಂಡು ತಿಂದ ಸಿಹಿಗಿಂತ ಹೀಗೆ ನಿಂತುಕೊಂಡು ತಿಂದದ್ದೇ ಜಾಸ್ತಿ. ನನ್ನನ್ನು ಕೇಳಿದರೆ ಹಬ್ಬದ ಸಕ್ಕರೆಯ ಸಮಸ್ಯೆ ಇರುವುದೇ ಇಲ್ಲಿ.

ನಮ್ಮ ಮನೆಯಲ್ಲಿ ಅಪ್ಪನಿಗೆ ಶುಗರ್ ಇದೆ. ಅತ್ತೆಗೆ ಡಾಕ್ಟರು "ಬಾರ್ಡರ್‌ನಲ್ಲಿದೆ, ನೋಡಿಕೊಂಡು ತಿನ್ನಿ" ಅಂದಿದ್ದಾರೆ. ಮಕ್ಕಳ ಹಲ್ಲಿನ ಕಥೆ ಬೇರೆ. ಹಾಗಂತ ಹಬ್ಬಕ್ಕೆ ಸಿಹಿಯೇ ಬೇಡ ಅನ್ನುವ ಮನೆಯಲ್ಲ ನಮ್ಮದು, ಅಂಥ ಹಬ್ಬ ನನಗೂ ಬೇಡ.

ಈ ಸಂಕಟಕ್ಕೆ ಪೇಟೆ ಕೊಡುವ ಔಷಧ "ಶುಗರ್ ಫ್ರೀ" ಡಬ್ಬಿ. ಹೋದ ದೀಪಾವಳಿಗೆ ನಮ್ಮ ಮನೆಯವರ ಆಫೀಸಿನಿಂದ ಅಂಥದ್ದೊಂದು ಬಂದಿತ್ತು. ಯಾವ ಕಂಪನಿ ಅನ್ನುವುದು ಬೇಡ. 400 ಗ್ರಾಂಗೆ 650 ರೂಪಾಯಿ. ಮುಂದೆ ಹಸಿರು ಅಕ್ಷರದಲ್ಲಿ ದೊಡ್ಡದಾಗಿ "ಸಕ್ಕರೆ ಸೇರಿಸಿಲ್ಲ". ಹಿಂದೆ ತಿರುಗಿಸಿದರೆ ಓದಲು ಭೂತಗನ್ನಡಿಯೇ ಬೇಕು. ಪದಾರ್ಥಗಳ ಪಟ್ಟಿಯಲ್ಲಿ ತೂಕದಲ್ಲಿ ಯಾವುದು ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು ಅನ್ನುವುದು ನಿಯಮ. ಇದರಲ್ಲಿ ಮೊದಲ ಹೆಸರೇ ಮಾಲ್ಟಿಟಾಲ್, ಅಂದರೆ ಸಕ್ಕರೆಯ ಬದಲು ಹಾಕುವ ಒಂದು ಸಿಹಿ ಪದಾರ್ಥ. ಆಮೇಲೆ ಹಾಲಿನ ಪುಡಿ, ಪಾಮ್ ಎಣ್ಣೆ, ಮಾಲ್ಟೋಡೆಕ್ಸ್‌ಟ್ರಿನ್. ಫೋಟೋದಲ್ಲಿ ರಾಶಿ ಹಾಕಿದ್ದ ಗೋಡಂಬಿಯ ಹೆಸರು ಕಟ್ಟಕಡೆಗೆ.

ಮಾಲ್ಟಿಟಾಲ್ ವಿಷವೇನಲ್ಲ, ಅಷ್ಟು ಹೆದರುವುದು ಬೇಡ. ಸಕ್ಕರೆಗೆ ಗ್ರಾಂಗೆ ನಾಲ್ಕು ಕ್ಯಾಲೊರಿ ಇದ್ದರೆ ಇದಕ್ಕೆ ಸುಮಾರು ಅದರ ಅರ್ಧ. ಆದರೆ ರಕ್ತದ ಸಕ್ಕರೆಯನ್ನು ಇದೂ ಏರಿಸುತ್ತದೆ, ಸಕ್ಕರೆಯಷ್ಟಲ್ಲ, ಆದರೂ ಏರಿಸುತ್ತದೆ. ಮತ್ತೆ ಇದನ್ನು ಕರುಳು ಪೂರ್ತಿ ಹೀರಿಕೊಳ್ಳುವುದಿಲ್ಲ, ಜಾಸ್ತಿ ತಿಂದರೆ ಹೊಟ್ಟೆ ಕೆಡುತ್ತದೆ. ಆ ಎಚ್ಚರಿಕೆಯನ್ನೂ ಡಬ್ಬಿಯ ಮೇಲೆ ಸಣ್ಣದಾಗಿ ಹಾಕಿದ್ದರು. ಮಾಲ್ಟೋಡೆಕ್ಸ್‌ಟ್ರಿನ್ ಅನ್ನುವುದು ಪಿಷ್ಟದಿಂದ ಮಾಡಿದ ಪುಡಿ. ಲೇಬಲ್ಲಿನ ಲೆಕ್ಕದಲ್ಲಿ ಅದು "ಸಕ್ಕರೆ" ಅಲ್ಲ, ಹೊಟ್ಟೆಗೆ ಹೋದ ಮೇಲೆ ಮಾತ್ರ ಗ್ಲುಕೋಸ್ ಆಗಲು ಹೆಚ್ಚು ಹೊತ್ತು ಬೇಡ. ಮಗ ಒಂದೇ ಏಟಿಗೆ ನಾಲ್ಕು ಪೀಸು ತಿಂದ, ರಾತ್ರಿಯೆಲ್ಲ ಹೊಟ್ಟೆ ಗುಡುಗುಡು. ಅದಕ್ಕಿಂತ ನನಗೆ ಸಿಟ್ಟು ಬಂದದ್ದು ಅಪ್ಪನ ವಿಷಯದಲ್ಲಿ. ಮಾಮೂಲಿ ಪೇಡಾ ಕೊಟ್ಟಿದ್ದರೆ ಅರ್ಧ ಮುರಿದುಕೊಂಡು ಉಳಿದದ್ದನ್ನು ಮೊಮ್ಮಗಳ ಕೈಗಿಡುವ ಮನುಷ್ಯ, "ಶುಗರ್ ಫ್ರೀ ಅಲ್ವಾ" ಅಂತ ಆರಾಮಾಗಿ ಮೂರು ತಿಂದರು. ಅಂದರೆ ಆ ಹಸಿರು ಅಕ್ಷರ ಮಾಡುವ ಕೆಲಸ ಏನು? ನಿಮ್ಮ ಕೈಗೆ ಇದ್ದ ಬ್ರೇಕು ತೆಗೆಯುವುದು.

ಇನ್ನು ಅಂಗಡಿಗೆ ಬರೋಣ.

ಮೊದಲ ಸಲ ಹೋದಾಗ ನಾನು ಕೇಳಿದ್ದು ಎರಡು ಕಿಲೋ ಶೇಂಗಾ ಹೋಳಿಗೆ. ಅಕ್ಕಾರು ನನ್ನ ಮುಖ ನೋಡಿದರು.

"ಮನ್ಯಾಗ ಎಷ್ಟ ಮಂದಿ ಅದೀರಿ?"

"ಆರು ಮಂದಿ ರೀ ಅಕ್ಕಾರ. ಬಂದು ಹೋಗೋರು ಬ್ಯಾರೆ."

"ಕಿಲೋ ಲೆಕ್ಕ ಇಲ್ಲ ನಮ್ದು. ಹನ್ನೆರಡು ಒಯ್ಯಿ. ಕಡಿಮಿ ಬಿದ್ರ ನಾಳೆ ಬಾ ತಂಗಿ, ಬಿಸಿದು ಕೊಡ್ತೀನಿ."

ಇದೇ ಈ ಅಂಗಡಿಯ ದೊಡ್ಡ ಗುಣ, ಈ ರಿವ್ಯೂ ಬರೆಯಲು ಕಾರಣವೂ ಇದೇ. ಇಲ್ಲಿ ಹೋಳಿಗೆ, ಉಂಡಿ, ಕರ್ಚಿಕಾಯಿ ಎಲ್ಲ ಎಣಿಸಿ ಕೊಡುತ್ತಾರೆ. ಅರ್ಧ ಕಿಲೋ ಡಬ್ಬಿ, ಒಂದು ಕಿಲೋ ಡಬ್ಬಿ, ಬಣ್ಣದ ಪೇಪರು, ರಿಬ್ಬನ್ನು ಇವೆಲ್ಲ ಇಲ್ಲ. ಮುತ್ತುಗದ ಎಲೆ ಇದ್ದರೆ ಎಲೆ, ಇಲ್ಲದಿದ್ದರೆ ಪೇಪರ್ ಪೊಟ್ಟಣ. ತಲೆಗೆ ಎರಡರಂತೆ ತಂದರೆ ತಲೆಗೆ ಎರಡೇ ಇರುತ್ತದೆ, ಮೂರನೆಯದಕ್ಕೆ ಕೈ ಹಾಕಬೇಕೆಂದರೆ ಇನ್ನೊಬ್ಬರ ಪಾಲಿಗೆ ಕೈ ಹಾಕಬೇಕು. ಹಬ್ಬದ ಮರುದಿನ ಡಬ್ಬಿಯೇ ಇಲ್ಲ. ಡಯಟ್ ಚಾರ್ಟು, ಆ್ಯಪು, ಉಪದೇಶ ಯಾವುದೂ ಮಾಡದ ಕೆಲಸವನ್ನು ಎಣಿಕೆ ಮಾಡಿತು.

ಶೇಂಗಾ ಹೋಳಿಗೆ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅಂಗೈ ಅಗಲ, ತೆಳ್ಳಗೆ, ಅಂಚಿನವರೆಗೂ ಹೂರಣ ಹೋಗಿರುತ್ತದೆ. ಶೇಂಗಾ ಚೆನ್ನಾಗಿ ಹುರಿದಿರುತ್ತಾರೆ, ಅಲ್ಲಲ್ಲಿ ಕಪ್ಪು ಚುಕ್ಕೆ ಕಾಣಿಸಿದರೂ ಕಹಿ ಇಲ್ಲ. ಜೊತೆಗೆ ಬಿಳಿ ಎಳ್ಳು, ಏಲಕ್ಕಿ. ನಾನು ಮನೆಗೆ ತಂದು ಅಡುಗೆ ತಕ್ಕಡಿಯಲ್ಲಿ ತೂಗಿದೆ (ಹೌದು, ಹಬ್ಬದ ದಿನ ಹೋಳಿಗೆ ತೂಗುವ ಮನೆ ನಮ್ಮದು, ನಗಬೇಡಿ), ಒಂದು 50 ಗ್ರಾಂ ಆಸುಪಾಸು ಬಂತು. ಅದರಲ್ಲಿ ಹೂರಣ ಸುಮಾರು 30 ಗ್ರಾಂ ಅಂತ ಹಿಡಿಯಿರಿ. ಎರಡು ಪಾಲು ಶೇಂಗಾಕ್ಕೆ ಒಂದು ಪಾಲು ಬೆಲ್ಲ ಹಾಕುತ್ತೇವೆ ಅಂದರು, ಅಂದರೆ ಒಂದು ಹೋಳಿಗೆಗೆ 10 ಗ್ರಾಂ ಬೆಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಏನೆಂದರೆ, ಮೇಲಿಂದ ಸೇರಿಸಿದ ಸಕ್ಕರೆ ದಿನದ ಒಟ್ಟು ಕ್ಯಾಲೊರಿಯ ಶೇಕಡ 10ಕ್ಕಿಂತ ಕಡಿಮೆ ಇರಲಿ, ಶೇಕಡ 5ಕ್ಕಿಂತ ಕಡಿಮೆ ಆದರೆ ಇನ್ನೂ ಒಳ್ಳೆಯದು. 2000 ಕ್ಯಾಲೊರಿ ತಿನ್ನುವವರಿಗೆ ಆ ಶೇಕಡ 5 ಅಂದರೆ 25 ಗ್ರಾಂ, ಆರು ಟೀ ಚಮಚ. ಎರಡು ಹೋಳಿಗೆ ತಿಂದರೆ 20 ಗ್ರಾಂ ಮುಗಿಯಿತು, ಚಹಾದ ಸಕ್ಕರೆ ಬೇರೆ. ಹಾಗಾಗಿ ಇದನ್ನು "ಆರೋಗ್ಯಕರ ಸಿಹಿ" ಅಂತ ನಾನು ಕರೆಯುವುದಿಲ್ಲ. ಆದರೆ 250 ಮಿಲಿಲೀಟರಿನ ಒಂದು ಕೋಲಾ ಬಾಟಲಿಯಲ್ಲೇ 26 ಗ್ರಾಂ ಹತ್ತಿರ ಸಕ್ಕರೆ ಇರುತ್ತದೆ, ಅದನ್ನು ಮಕ್ಕಳು ಟಿವಿ ನೋಡುತ್ತಾ ಎರಡು ನಿಮಿಷದಲ್ಲಿ ಖಾಲಿ ಮಾಡುತ್ತಾರೆ, ಹಬ್ಬದ ನೆನಪೂ ಉಳಿಯುವುದಿಲ್ಲ. ಆಯ್ಕೆ ನನ್ನದಾದರೆ ಆ 25 ಗ್ರಾಂ ಹೋಳಿಗೆಗೇ ಹೋಗಲಿ.

ಕಣಕಕ್ಕೆ ಮಾಮೂಲಾಗಿ ಮೈದಾ ಮತ್ತು ಚಿರೋಟಿ ರವೆ ಹಾಕುತ್ತಾರೆ. ಮೊದಲೇ ಹೇಳಿದರೆ ಗೋಧಿ ಹಿಟ್ಟಿನಲ್ಲೂ ಮಾಡಿಕೊಡುತ್ತಾರೆ. ಎರಡೂ ತಿಂದು ನೋಡಿದೆ. ಗೋಧಿಯದ್ದು ಬಿಸಿ ಇದ್ದಾಗ ಚೆನ್ನಾಗಿರುತ್ತದೆ, ಮರುದಿನಕ್ಕೆ ಸ್ವಲ್ಪ ಬಿರುಸು, ಮಡಚಿದರೆ ಸೀಳುತ್ತದೆ. ಅತ್ತೆಗೆ ಹಲ್ಲಿನ ತೊಂದರೆ, ಅವರು ಮೈದಾದ್ದೇ ಕೇಳಿದರು. ದಿನಾ ತಿನ್ನುವ ವಸ್ತುವಲ್ಲವಲ್ಲ, ನಾನೂ ಹಠ ಮಾಡಲಿಲ್ಲ.

ಉಂಡಿಯಲ್ಲಿ ಮಾತ್ರ ಈ ಅಂಗಡಿ ನಿಜವಾಗಿಯೂ ಬೇರೆ. ಶೇಂಗಾ ಉಂಡಿ ಅಂದರೆ ಎಲ್ಲ ಕಡೆ ಬೆಲ್ಲದ ಪಾಕ ಹಿಡಿದು ಕಟ್ಟುವುದು, ಅದರಲ್ಲಿ ಕಿಲೋ ಶೇಂಗಾಕ್ಕೆ ಮುಕ್ಕಾಲು ಕಿಲೋ ಬೆಲ್ಲದವರೆಗೂ ಹೋಗುತ್ತದೆ. ಇಲ್ಲಿ ಪಾಕವೇ ಇಲ್ಲ. ಹುರಿದ ಶೇಂಗಾವನ್ನು ತಿಕ್ಕಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸುತ್ತಾರೆ. ಇನ್ನೂ ಬೆಚ್ಚಗಿರುವಾಗಲೇ ಒಳಕಲ್ಲಿಗೆ ಹಾಕಿ, ಸ್ವಲ್ಪ ಸ್ವಲ್ಪ ಬೆಲ್ಲ ಉದುರಿಸುತ್ತಾ ಕುಟ್ಟುತ್ತಾರೆ. ಮೊದಲು ಪುಡಿಪುಡಿ ಇರುತ್ತದೆ. ಕುಟ್ಟುತ್ತಾ ಹೋದಂತೆ ಶೇಂಗಾ ತನ್ನ ಎಣ್ಣೆ ಬಿಡುತ್ತದೆ, ಪುಡಿ ಮಿನುಗಲು ಶುರುವಾಗುತ್ತದೆ, ಆಗ ಒಂದು ಹಿಡಿ ತೆಗೆದು ಒತ್ತಿದರೆ ಬೆರಳ ಗುರುತು ಹಾಗೇ ನಿಲ್ಲುತ್ತದೆ. ಅಲ್ಲಿಗೆ ನಿಲ್ಲಿಸಬೇಕು, ಇನ್ನೂ ಕುಟ್ಟಿದರೆ ಜಿಡ್ಡು ಜಿಡ್ಡಾಗಿ ತಿನ್ನಲು ಆಗುವುದಿಲ್ಲ. ಉಂಡಿಯನ್ನು ಹಿಡಿದಿಡುವುದು ಎಣ್ಣೆಯೇ ಆದ್ದರಿಂದ ಬೆಲ್ಲ ಬೇಕಾಗುವುದು ರುಚಿಗೆ ಮಾತ್ರ. ಕಿಲೋ ಶೇಂಗಾಕ್ಕೆ 300 ಗ್ರಾಂ ಹಾಕುತ್ತೇವೆ ಅಂದರು. ಲೆಕ್ಕ ಹಾಕಿ ನೋಡಿ, 25 ಗ್ರಾಂನ ಒಂದು ಪಾಕದ ಉಂಡಿಯಲ್ಲಿ 10 ಗ್ರಾಂ ದಾಟಿ ಬೆಲ್ಲ ಇದ್ದರೆ ಇದರಲ್ಲಿ 6 ಗ್ರಾಂ ಒಳಗೆ. ಬಾಯಿಗೆ ಮೊದಲು ಬರುವುದು ಹುರಿದ ಶೇಂಗಾದ ರುಚಿ, ಸಿಹಿ ಹಿಂದಿನಿಂದ ಬರುತ್ತದೆ. ಮಕ್ಕಳು ಮೊದಲು "ಇದೇನು ಸಪ್ಪೆ" ಅಂದರು. ಬೇರೆ ಏನೂ ಮನೆಯಲ್ಲಿ ಇಲ್ಲದ್ದರಿಂದ ತಿಂದರು, ಆಮೇಲೆ ಅದೇ ಬೇಕು ಅನ್ನತೊಡಗಿದರು. ಒಂದು ಕೊರತೆ ಎಂದರೆ ಸೆಕೆಗಾಲದಲ್ಲಿ ಉಂಡಿ ಮೆತ್ತಗಾಗಿ ಪೇಪರಿಗೆಲ್ಲ ಎಣ್ಣೆ ಹತ್ತುತ್ತದೆ, ಸ್ಕೂಲ್ ಬ್ಯಾಗಿನಲ್ಲಿ ಹಾಕಬೇಡಿ.

ಮಾದಲಿ ಸಂಕ್ರಾಂತಿ ಮತ್ತು ಜಾತ್ರೆ ಟೈಮಿನಲ್ಲಿ ಮಾತ್ರ ಮಾಡುತ್ತಾರೆ. ಗವಿಮಠದ ದಾಸೋಹದಲ್ಲಿ ರೊಟ್ಟಿ, ಮಾದಲಿ ಉಂಡವರಿಗೆ ಅದರ ರುಚಿ ಬಿಡಿಸಿ ಹೇಳಬೇಕಾಗಿಲ್ಲ. ಹಳ್ಳಿ ಹಳ್ಳಿಗಳಿಂದ ಜನ ರೊಟ್ಟಿ, ಮಾದಲಿ ಹೊತ್ತು ತಂದು ಮಠಕ್ಕೆ ಕೊಡುವುದನ್ನು ನೋಡಿ ಬೆಳೆದವರು ನಾವು. ಗೋಧಿಯ ದಪ್ಪ ರೊಟ್ಟಿ ಮಾಡಿ, ಕುಟ್ಟಿ, ಜರಡಿ ಹಿಡಿದು, ಪುಟಾಣಿ, ಗಸಗಸೆ, ಒಣ ಕೊಬ್ಬರಿ, ಏಲಕ್ಕಿ, ಬೆಲ್ಲ ಕಲಸಿದ ಒಣ ಪುಡಿ ಅದು. ತಿನ್ನುವಾಗ ಹಾಲು ತುಪ್ಪ ಹಾಕಿಕೊಳ್ಳುವುದು. ಇಲ್ಲಿ ನಾನು ಕಂಡುಕೊಂಡ ಒಂದು ಉಪಾಯ ಹೇಳುತ್ತೇನೆ, ಬೆಲ್ಲ ಕಲಸದೆ ಬೇರೆ ಪೊಟ್ಟಣದಲ್ಲಿ ಕೊಡಿ ಅಂತ ಕೇಳಿ. ಅಕ್ಕಾರು ಮೊದಲು "ಅದ್ಹೆಂಗ ಮಾದಲಿ ಆಕ್ಕೈತಿ" ಅಂದರು, ಆಮೇಲೆ ಕೊಟ್ಟರು. ಮನೆಯಲ್ಲಿ ಅವರವರ ಬಟ್ಟಲಿಗೆ ಅವರವರು ಹಾಕಿಕೊಂಡರು. ಅಪ್ಪ ಒಂದು ಚಮಚ, ಅತ್ತೆ ಒಂದೂವರೆ, ಮಗ ಎಷ್ಟು ಹಾಕಿಕೊಂಡ ಅಂತ ನಾನು ನೋಡಲು ಹೋಗಲಿಲ್ಲ.

ಕರ್ಚಿಕಾಯಿ ತಿಂದೆ, ಸಾಧಾರಣ. ಶಂಕರಪೋಳಿ ಎಲ್ಲ ಕಡೆ ಸಿಗುವಂಥದ್ದೇ, ಇಲ್ಲಿಗೆ ಬಂದು ಅದನ್ನು ಕೊಳ್ಳುವ ಅಗತ್ಯ ಇಲ್ಲ.

ಈಗ ಅಸಲು ವಿಷಯ, ಖಾರದ್ದು. ಸಿಹಿ ಕಡಿಮೆ ಮಾಡುವವರು ಸಿಹಿಯ ಬದಲು ಇನ್ನೊಂದು ಸಿಹಿ ಹುಡುಕುತ್ತಾರೆ. ಆದರೆ ಹಬ್ಬದ ದಿನ ಸಂಜೆ ನಾಲ್ಕರಿಂದ ಏಳರವರೆಗೆ ಬಾಯಿ ಆಡಿಸಲು ಏನೋ ಬೇಕು, ಬಂದವರ ಮುಂದೆ ಏನೋ ಇಡಬೇಕು, ಆ ಜಾಗಕ್ಕೆ ಪ್ಯಾಕೆಟ್ ತಿಂಡಿ ಬಂದು ಕೂತಿದೆ. ಅದನ್ನು ಎಬ್ಬಿಸಬೇಕೆಂದರೆ ಅಲ್ಲಿ ಏನಾದರೂ ಇಡಬೇಕಲ್ಲ? ಈ ಅಂಗಡಿಯ ಖಡಕ್ ಸಜ್ಜೆ ರೊಟ್ಟಿ ಆ ಕೆಲಸ ಮಾಡುತ್ತದೆ. ಮೈ ತುಂಬ ಎಳ್ಳು ಹಚ್ಚಿ, ಹಪ್ಪಳದ ಹಾಗೆ ತೆಳ್ಳಗೆ ಬಡಿದು ಒಣಗಿಸಿರುತ್ತಾರೆ. ಕೈಯಲ್ಲಿ ಹಿಡಿದು ಮುರಿದರೆ ಪಟ್ ಅನ್ನುತ್ತದೆ. ಸಜ್ಜೆ ಹಿಟ್ಟು, ಎಳ್ಳು, ಉಪ್ಪು, ನೀರು, ಮುಗಿಯಿತು, ಪದಾರ್ಥಗಳ ಪಟ್ಟಿಗೆ ಭೂತಗನ್ನಡಿ ಬೇಕಿಲ್ಲ. ಜೋಳದ ಖಡಕ್ ರೊಟ್ಟಿಯೂ ಇದೆ, ಅದು ಊಟಕ್ಕೆ ಸರಿ. ಟೀ ಜೊತೆ ಮುರಿದು ತಿನ್ನಲು ಸಜ್ಜೆಯದ್ದೇ.

ಅದರ ಜೊತೆ ಹಿಂಡಿ. ಶೇಂಗಾ ಹಿಂಡಿ, ಗುರೆಳ್ಳು (ಹುಚ್ಚೆಳ್ಳು) ಹಿಂಡಿ, ಅಗಸಿ ಹಿಂಡಿ ಮೂರೂ ಸಿಗುತ್ತವೆ. ನನ್ನ ಮತ ಗುರೆಳ್ಳಿಗೆ. ಕಪ್ಪಗೆ, ಬೆಳ್ಳುಳ್ಳಿ ವಾಸನೆ ಮುಂದಾಗಿ, ಖಾರ ಹಿತವಾಗಿ. ಗಟ್ಟಿ ಮೊಸರಿಗೆ ಕಲಸಿಟ್ಟು ಅದರಲ್ಲಿ ರೊಟ್ಟಿ ಅದ್ದಿ ಕೊಟ್ಟರೆ ಹುಬ್ಬಳ್ಳಿಯಿಂದ ಬಂದ ನೆಂಟರು ಮಿಠಾಯಿ ತಟ್ಟೆ ಮುಟ್ಟಲೇ ಇಲ್ಲ. ಶೇಂಗಾ ಹಿಂಡಿಗೆ ಬೆಲ್ಲ ಹಾಕುತ್ತಾರೆ, ಸ್ವಲ್ಪವೇ, ಆದರೂ ಬೇಡದವರು ಹೇಳಿ. ಮೂರರಲ್ಲೂ ಉಪ್ಪು ಮುಂದು. ಬಿಪಿ ಇದ್ದವರು ಪುಡಿಯನ್ನು ಹಾಗೇ ಎಣ್ಣೆ ಹಾಕಿಕೊಂಡು ತಿನ್ನುವುದಕ್ಕಿಂತ ಮೊಸರಿಗೆ ಸ್ವಲ್ಪ ಕಲಸಿಕೊಳ್ಳುವುದು ವಾಸಿ.

ಎಳ್ಳ ಅಮಾವಾಸ್ಯೆಯ ಊಟವನ್ನೇ ನೋಡಿ. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಕಾಳುಪಲ್ಯ, ಹಸಿ ಮೆಂತ್ಯ ಸೊಪ್ಪು, ಮೂಲಂಗಿ, ಮೊಸರು, ಕೊನೆಗೆ ಒಂದು ಹೋಳಿಗೆ. ತಟ್ಟೆಯಲ್ಲಿ ಸಿಹಿ ಒಂದೇ ಮೂಲೆಯಲ್ಲಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಭಾರತೀಯರ ಆಹಾರಕ್ಕೆ 17 ಸೂತ್ರಗಳನ್ನು ಹೊಸದಾಗಿ ಹೊರಡಿಸಿತು. ಕಾಳು, ಸೊಪ್ಪು ತರಕಾರಿ ಜಾಸ್ತಿ ತಿನ್ನಿ, ಉಪ್ಪು ಮಿತಿಯಲ್ಲಿರಲಿ, ಸಕ್ಕರೆ ಮತ್ತು ಅತಿಯಾಗಿ ಸಂಸ್ಕರಿಸಿದ ತಿಂಡಿ ಕಡಿಮೆ ಮಾಡಿ, ಲೇಬಲ್ ಓದಿ ಅಂತೆಲ್ಲ ಅದರಲ್ಲಿದೆ. ಓದುತ್ತಿದ್ದರೆ ಹೊಲದಲ್ಲಿ ಕೂತು ಉಂಡ ಚರಗದ ಬುತ್ತಿಯೇ ಕಣ್ಮುಂದೆ ಬಂತು.

ಬೆಲ್ಲದ ವಿಷಯದಲ್ಲಿ ಮಾತ್ರ ಅಕ್ಕಾರಿಗೂ ನನಗೂ ಜಗಳ ಇದೆ. ಯಾರಾದರೂ ಗಿರಾಕಿ "ಶುಗರ್ ಐತ್ರಿ ನಮ್ಮವ್ವಗ" ಅಂದರೆ ಸಾಕು, "ಬೆಲ್ಲದ್ದ ಐತಲ್ರೀ, ಏನೂ ಆಗಂಗಿಲ್ಲ" ಅನ್ನುತ್ತಾರೆ. ಇದು ತಪ್ಪು. ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯಲ್ಲಿರುವ ಅದೇ ಸುಕ್ರೋಸ್. ಕಬ್ಬಿಣದಂಥ ಖನಿಜ ಸ್ವಲ್ಪ ಇದೆ, ನಿಜ. ಆದರೆ ಅದಕ್ಕಾಗಿ ಬೆಲ್ಲ ತಿನ್ನುವುದಾದರೆ ಎಷ್ಟು ತಿನ್ನಬೇಕು? ಶುಗರ್ ಇದ್ದವರಿಗೆ ಹತ್ತು ಗ್ರಾಂ ಬೆಲ್ಲ ಅಂದರೆ ಹೆಚ್ಚೂ ಕಡಿಮೆ ಹತ್ತು ಗ್ರಾಂ ಸಕ್ಕರೆ ಅಂತಲೇ ಲೆಕ್ಕ. ಜೇನುತುಪ್ಪಕ್ಕೂ ಇದೇ ಮಾತು, ವಿಶ್ವ ಆರೋಗ್ಯ ಸಂಸ್ಥೆಯ ಆ 25 ಗ್ರಾಂ ಲೆಕ್ಕದಲ್ಲಿ ಜೇನೂ ಸೇರುತ್ತದೆ, ಹಣ್ಣಿನ ಜ್ಯೂಸೂ ಸೇರುತ್ತದೆ. ನಾನು ಇದನ್ನು ಹೇಳಿದಾಗ ಅಕ್ಕಾರು "ನೀವು ಓದಿದವ್ರು ಎಲ್ಲಾನೂ ಬಿಡಸ್ತೀರಿ" ಅಂತ ನಕ್ಕರು. ಅಪ್ಪ ಒಂದು ಹೋಳಿಗೆ ತಿನ್ನುತ್ತಾರೆ, ಊಟದ ಕೊನೆಗೆ, ಆ ದಿನ ಅನ್ನ ಬಿಟ್ಟು. ಅದೂ ಅವರ ಡಾಕ್ಟರನ್ನು ಕೇಳಿಯೇ. ನಿಮ್ಮ ಮನೆಯ ಲೆಕ್ಕ ನಿಮ್ಮ ಡಾಕ್ಟರ ಹತ್ತಿರ ಕೇಳಿ, ಅಂಗಡಿಯಲ್ಲಿ ಕೇಳಬೇಡಿ.

ಬೆಲ್ಲದ ಗುಣಮಟ್ಟದ ಬಗ್ಗೆ ಹೊಗಳಲೇಬೇಕು. ಕಪ್ಪಗಿನ ಬೆಲ್ಲ ತರುತ್ತಾರೆ. ಪೇಟೆಯಲ್ಲಿ ಸಿಗುವ ಹಳದಿ, ಬಿಳಿಚಿದ ಬೆಲ್ಲ ನೋಡಲು ಚಂದ, ಆದರೆ ಆ ಬಣ್ಣ ಬರಲೆಂದು ಹೈಡ್ರೋಸ್ ಅನ್ನುವ ಪುಡಿ ಹಾಕುವ ಆಲೆಮನೆಗಳಿವೆ. ಕಪ್ಪು ಬೆಲ್ಲದ ಹೋಳಿಗೆ ಫೋಟೋದಲ್ಲಿ ಚಂದ ಕಾಣುವುದಿಲ್ಲ ಅಂತ ಕೆಲವು ಗಿರಾಕಿಗಳು ತಕರಾರು ಮಾಡುತ್ತಾರಂತೆ, ಇವರು ಬದಲಾಯಿಸಿಲ್ಲ.

ಈಗ ಕಟ್ ಮಾಡಿದ ಸ್ಟಾರಿಗೆ ಬರುತ್ತೇನೆ. ಪೊಟ್ಟಣದ ಮೇಲೆ ತಾರೀಖು ಇಲ್ಲ. ಬಿಡಿಯಾಗಿ ಮಾರುವ ಸಿಹಿಗೂ ಯಾವತ್ತಿನವರೆಗೆ ತಿನ್ನಬಹುದು ಅಂತ ಅಂಗಡಿಯಲ್ಲಿ ಕಾಣುವಂತೆ ಹಾಕಬೇಕು ಅನ್ನುವ ನಿಯಮ 2020ರ ಅಕ್ಟೋಬರ್ 1ರಿಂದಲೇ ಇದೆ. ಇವರಲ್ಲಿ ಗೋಡೆಯ ಮೇಲೆ ನೋಂದಣಿ ಪತ್ರ ಇದೆ, ದೇವರ ಫೋಟೋ ಇದೆ, ತಾರೀಖಿನ ಚೀಟಿ ಇಲ್ಲ. ಹೋಳಿಗೆ, ಉಂಡಿ ಆರ್ಡರ್ ಮೇಲೆ ಮಾಡುವುದರಿಂದ ತೊಂದರೆ ಇಲ್ಲ ಅನ್ನಿ, ಆದರೆ ಹಿಂಡಿ ಮೊದಲೇ ಮಾಡಿಟ್ಟಿರುತ್ತಾರೆ. ಶೇಂಗಾ, ಅಗಸಿ ಎರಡೂ ಎಣ್ಣೆ ಕಾಳು, ದಿನ ಹೋದಂತೆ ಕಮಟು ವಾಸನೆ ಬರುತ್ತದೆ. ನನಗೆ ಒಂದು ಸಲ ಅಗಸಿ ಹಿಂಡಿ ಕಮಟಾದದ್ದು ಬಂತು. ವಾಪಸ್ ಒಯ್ದಾಗ ಮಾತಾಡದೆ ಬದಲಿಸಿ ಕೊಟ್ಟರು, ಆದರೆ ಅದು ಯಾವಾಗ ಮಾಡಿದ್ದು ಅಂತ ಕೇಳಿದರೆ ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಈಗ ನಾನು ಹೋದಾಗ ಮಾರ್ಕರ್ ಪೆನ್ ತೆಗೆದು ಬರೆಸಿಕೊಂಡು ಬರುತ್ತೇನೆ. ಎಲ್ಲರೂ ಕೇಳಿದರೆ ಅವರೇ ಬರೆಯಲು ಶುರು ಮಾಡುತ್ತಾರೆ.

ದುಡ್ಡಿನ ಲೆಕ್ಕ: ಖಡಕ್ ಜೋಳದ ರೊಟ್ಟಿ 8 ರೂಪಾಯಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ 10, ಶೇಂಗಾ ಹೋಳಿಗೆ 18, ಉಂಡಿ 8, ಹಿಂಡಿ ಕಾಲು ಕಿಲೋಗೆ 80. ಬಿಡಿ ರೇಟು ನೋಡಿದರೆ ಹೋಳಿಗೆ ದುಬಾರಿ ಅನ್ನಿಸಬಹುದು. ಹನ್ನೆರಡು ಹೋಳಿಗೆ, ಹನ್ನೆರಡು ಉಂಡಿ, ಇಪ್ಪತ್ತು ಸಜ್ಜೆ ರೊಟ್ಟಿ, ಕಾಲು ಕಿಲೋ ಹಿಂಡಿ ಸೇರಿ 592 ಆಗುತ್ತದೆ. ಆ 650ರ ಶುಗರ್ ಫ್ರೀ ಡಬ್ಬಿಗಿಂತ ಕಡಿಮೆ, ಇಡೀ ಮನೆಯ ಹಬ್ಬ ಮುಗಿಯುತ್ತದೆ. ಫೋನ್‌ಪೇ ನಡೆಯುತ್ತದೆ, ಆದರೆ ಓಣಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಚಿಲ್ಲರೆ ಇಟ್ಟುಕೊಂಡು ಹೋಗಿ.

ಮಂದಿಗೆ ಹಂಚಲು ಗಿಫ್ಟ್ ಬಾಕ್ಸ್ ಬೇಕು ಅನ್ನುವವರಿಗೆ ಈ ಅಂಗಡಿ ಅಲ್ಲ. ನಾನು ಈ ಸಲ ಓಣಿಯಲ್ಲಿ ಕೊಟ್ಟದ್ದು ಸಜ್ಜೆ ರೊಟ್ಟಿ ಹತ್ತರ ಕಟ್ಟು, ಜೊತೆಗೆ ಗುರೆಳ್ಳು ಹಿಂಡಿಯ ಪೊಟ್ಟಣ. ಎದುರು ಮನೆಯವರು ಮುಖ ಸ್ವಲ್ಪ ಸಣ್ಣದು ಮಾಡಿದರು ಅನ್ನಿಸಿತು, ದೀಪಾವಳಿಗೆ ರೊಟ್ಟಿ ಕೊಡುವುದುಂಟೇ ಅಂತ. ಎರಡು ದಿನ ಬಿಟ್ಟು ಅವರ ಸೊಸೆ ಬಂದು ಅಂಗಡಿ ಎಲ್ಲಿ ಅಂತ ಕೇಳಿಕೊಂಡು ಹೋದಳು.

ಆರ್ಡರ್ ಬಗ್ಗೆ: ಮಾಮೂಲಿ ದಿನ ಬೆಳಿಗ್ಗೆ ಹೇಳಿದರೆ ಸಂಜೆಗೆ ಸಿಗುತ್ತದೆ. ಹಬ್ಬಕ್ಕೆ ಒಂದು ವಾರ ಮೊದಲು ಹೇಳಬೇಕು, ಗೋಧಿ ಕಣಕವೋ ಮೈದಾವೋ, ಬೆಲ್ಲ ಬೇರೆ ಬೇಕೋ ಅನ್ನುವುದನ್ನೂ ಆಗಲೇ ಬರೆಸಬೇಕು. ಫೋನಿನಲ್ಲಿ ಹೇಳಿದ್ದು ಅರ್ಧ ಮರೆಯುತ್ತಾರೆ, ಖುದ್ದು ಹೋಗಿ. ಅಮಾವಾಸ್ಯೆ ದಿನ ಅಂಗಡಿ ಬಂದ್, ಹಾಗಾಗಿ ಎಳ್ಳ ಅಮಾವಾಸ್ಯೆಯದ್ದು ಹಿಂದಿನ ದಿನ ಸಂಜೆಯೇ ತೆಗೆದುಕೊಂಡು ಬರಬೇಕು. ಮತ್ತೆ ಎಷ್ಟು ಬೇಕು ಅಂತ ಮನೆಯಲ್ಲೇ ತಲೆ ಎಣಿಸಿಕೊಂಡು ಹೋಗಿ, ಅಲ್ಲಿ ನಿಂತು ಯೋಚನೆ ಮಾಡಿದರೆ ಹಿಂದೆ ಪಾಳಿಯಲ್ಲಿ ನಿಂತವರು ಬೈಯುತ್ತಾರೆ.